ಗಾಡಿ ನಡುದಾರಿಯಲ್ಲಿ ನಿಂತರೆ: ಸೆನ್ಸಾರು ಬದಲಿಸುವ ಮೊದಲು ನೋಡತಕ್ಕ ಸಂಗತಿಗಳು



ಮೆಣಸಿನಕಾಯಿ ಒಣಗಿ ಚೀಲಕ್ಕೆ ಬಿದ್ದ ಮೇಲೆ ರೈತನ ಮನಸ್ಸು ಪೇಟೆಯ ಕಡೆಗೇ ಇರುತ್ತದೆ. ಸಿರುಗುಪ್ಪ, ಕುರುಗೋಡು ಭಾಗದ ಅನೇಕರು ಚೀಲಗಳನ್ನು ದೂರದ ಬ್ಯಾಡಗಿಯವರೆಗೂ ಸಾಗಿಸುತ್ತಾರೆ. ರಾತ್ರಿ ಹೊರಟು ಬೆಳಗಾಗುವುದರೊಳಗೆ ಮುಟ್ಟಬೇಕು. ಆ ಹೊತ್ತಿನಲ್ಲಿ ಗಾಡಿಯ ಎಂಜಿನ್ ಬಂದ್ ಬಿದ್ದರೆ ಆಗುವುದು ರಿಪೇರಿಯ ಖರ್ಚೊಂದೇ ಅಲ್ಲ. ಆ ದಿನದ ವ್ಯಾಪಾರ ತಪ್ಪುತ್ತದೆ, ಬೇರೆ ಗಾಡಿಗೆ ಬಾಡಿಗೆ ಕೊಡಬೇಕು, ಹಮಾಲಿ ಎರಡು ಸಲ ತೆರಬೇಕು. ಕತ್ತಲಲ್ಲಿ ರಸ್ತೆಯ ಮೇಲೆ ನಿಂತ ಗಾಡಿಯಿಂದ ಪ್ರಾಣಾಪಾಯವೂ ಉಂಟು. ಆದಕಾರಣ ಈ ಸಲ ಬೀಜ, ಗೊಬ್ಬರದ ಮಾತನ್ನು ಬದಿಗಿಟ್ಟು ಎಂಜಿನ್ನಿನ ಮಾತನ್ನು ಬರೆಯುತ್ತಿದ್ದೇನೆ.

ನಮ್ಮ ಬ್ಲಾಕಿನ ಹಿರಿಯ ರೈತರೊಬ್ಬರಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಡೀಸಲ್ ಪಿಕಪ್ ಗಾಡಿ ಇದೆ. ಅದು ಒಂದು ತಾಸು ಓಡಿದ ಮೇಲೆ ತಟ್ಟನೆ ನಿಲ್ಲುತ್ತಿತ್ತು. ಅರ್ಧ ತಾಸು ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಗ್ಯಾರೇಜಿನವರು ಕೋಡ್ ಓದುವ ಯಂತ್ರ ಜೋಡಿಸಿ, ‘ಕ್ರಾಂಕ್ ಸೆನ್ಸಾರು ಹೋಗಿದೆ’ ಎಂದು ಹೊಸದನ್ನು ಹಾಕಿದರು. ಎಂಟು ದಿನಕ್ಕೆ ಗಾಡಿ ಮತ್ತೆ ನಿಂತಿತು. ಇನ್ನೊಂದು ಸೆನ್ಸಾರು ಹಾಕಿದರು. ಮತ್ತೆ ನಿಂತಿತು. ಆಗ ಆ ಹಿರಿಯರು, ‘ತಮ್ಮಾ, ನೀನು ಓದಿದಾಂವ, ಒಂದಿಷ್ಟು ನೋಡು’ ಎಂದು ನನ್ನನ್ನು ಕರೆದರು.

ನಾನು ಓದಿದ್ದು ಕೃಷಿ ಡಿಪ್ಲೊಮಾ, ಮೋಟಾರು ಮೇಸ್ತ್ರಿಯಲ್ಲ. ಆದರೂ ಇಬ್ಬರೂ ಕೂಡಿ ಬ್ಯಾಟರಿ ದೀಪ ಹಿಡಿದು ವೈರುಗಳನ್ನು ಒಂದೊಂದಾಗಿ ನೋಡುತ್ತ ಹೋದೆವು. ಗಾಡಿ ನಿಲ್ಲಿಸುವ ಜಾಗದ ಮಗ್ಗುಲಲ್ಲೇ ಭತ್ತದ ಹುಲ್ಲಿನ ಬಣವೆ ಇತ್ತು. ಬಣವೆಯ ಇಲಿ ಎಂಜಿನ್ನಿನ ಕೆಳಗೆ ಸೇರಿ ಸೆನ್ಸಾರಿನ ವೈರನ್ನು ಕಡಿದಿತ್ತು. ಒಳಗೆ ಎರಡೇ ಎಳೆ ಉಳಿದಿದ್ದವು. ಎಂಜಿನ್ ಕಾದು ನಡುಗಿದಾಗ ಆ ಎಳೆಗಳು ಬಿಡುತ್ತಿದ್ದವು; ಆರಿದಾಗ ಕೂಡುತ್ತಿದ್ದವು. ಗೇಣುದ್ದ ವೈರು ಹಾಕಿಸಿ ಬೆಸುಗೆ ಮಾಡಿಸಿದ ಮೇಲೆ ಗಾಡಿ ಸರಿಯಾಯಿತು. ತೆಗೆದುಹಾಕಿದ್ದ ಎರಡು ಸೆನ್ಸಾರುಗಳಲ್ಲಿ ದೋಷವೇ ಇರಲಿಲ್ಲ.

ಗಾಡಿಯೊಳಗಿನ ನೀರುಗಂಟಿಗಳು

ಹಳೆಯ ಟ್ರಾಕ್ಟರಿನ ಎಂಜಿನ್ನಿಗೆ ಶುದ್ಧ ಡೀಸಲ್, ಶುದ್ಧ ಗಾಳಿ ಸಿಕ್ಕರೆ ಸಾಕು. ಎಷ್ಟು ಡೀಸಲ್ ಬಿಡಬೇಕೆಂಬುದನ್ನು ಪಂಪೇ ನೋಡಿಕೊಳ್ಳುತ್ತದೆ. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಈ ಕೆಲಸ ಒಂದು ಚಿಕ್ಕ ಕಂಪ್ಯೂಟರಿನ ಕೈಗೆ ಹೋಯಿತು. ಭಾರತ್ ಸ್ಟೇಜ್ 4 ನಿಯಮ 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದಿತು. ಭಾರತ್ ಸ್ಟೇಜ್ 6 ನಿಯಮ 2020ರ ಏಪ್ರಿಲ್ 1ರಿಂದ ಬಂದಿತು. 50 ಎಚ್.ಪಿ.ಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೂ 2023ರ ಜನವರಿಯಿಂದ ಬಿಗಿಯಾದ ನಿಯಮವಿದೆ. ಈ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವವೇ ಸೆನ್ಸಾರುಗಳು.

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರುಣ್ಣುವ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ತೂಬಿನ ಬಳಿ ಇರುವವನಿಗೆ ಕೆಳಗಿನ ಗದ್ದೆ ಕಾಣುವುದಿಲ್ಲ. ನೀರುಗಂಟಿ ಸುದ್ದಿ ತಂದರೆ ತೂಬು ಎತ್ತುತ್ತಾನೆ ಅಥವಾ ಇಳಿಸುತ್ತಾನೆ. ಸೆನ್ಸಾರೆಂದರೆ ಎಂಜಿನ್ನಿನ ನೀರುಗಂಟಿ. ಕ್ರಾಂಕ್ ಸೆನ್ಸಾರು ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಎಂಬ ಸುದ್ದಿ ತರುತ್ತದೆ. ಆ ಸುದ್ದಿ ನಿಂತರೆ ಬಹಳಷ್ಟು ಗಾಡಿಗಳಲ್ಲಿ ಕಂಪ್ಯೂಟರು ಡೀಸಲನ್ನೇ ನಿಲ್ಲಿಸಿಬಿಡುತ್ತದೆ.

ಈಗ ಯೋಚಿಸಿರಿ. ಸುದ್ದಿ ಬಾರದಿರಲು ಅಥವಾ ಕೆಟ್ಟ ಸುದ್ದಿ ಬರಲು ಕಾರಣಗಳೆಷ್ಟು?

1. ನೀರುಗಂಟಿಗೇ ಕಾಯಿಲೆ ಇರಬಹುದು. ಅಂದರೆ ಸೆನ್ಸಾರು ಕೆಟ್ಟಿದೆ.
2. ಬರುವ ದಾರಿ ಕಡಿದಿರಬಹುದು. ಅಂದರೆ ವೈರು ಅಥವಾ ಕಪ್ಲರು ಕೆಟ್ಟಿದೆ.
3. ಅವನಿಗೆ ಊಟ ಸಿಗದೆ ಇರಬಹುದು. ಅಂದರೆ ಸೆನ್ಸಾರಿಗೆ ಬೇಕಾದ ವಿದ್ಯುತ್ತು ಬರುತ್ತಿಲ್ಲ.
4. ಅವನು ತಂದ ಸುದ್ದಿ ನಿಜವೇ ಇರಬಹುದು, ಕಾಲುವೆಯಲ್ಲೇ ನೀರಿಲ್ಲ. ಅಂದರೆ ಡೀಸಲೇ ಸರಿಯಾಗಿ ಬರುತ್ತಿಲ್ಲ.

ಕೋಡ್ ಓದುವ ಯಂತ್ರವು ಸುದ್ದಿ ಎಲ್ಲಿ ಕೆಟ್ಟಿತೆಂಬುದನ್ನು ಹೇಳುತ್ತದೆಯೇ ಹೊರತು ಈ ನಾಲ್ಕರಲ್ಲಿ ಯಾವುದೆಂದು ಹೇಳುವುದಿಲ್ಲ. ಪಿ 0335 ಎಂದು ಬಂದರೆ ‘ಕ್ರಾಂಕ್ ಸೆನ್ಸಾರಿನ ಸರ್ಕ್ಯೂಟಿನಲ್ಲಿ ದೋಷ’ ಎಂದರ್ಥ. ಸರ್ಕ್ಯೂಟು ಎಂದರೆ ಸೆನ್ಸಾರು, ವೈರು, ಕಪ್ಲರು ಎಲ್ಲವೂ ಸೇರಿತು. ಪಿ 0087 ಎಂದು ಬಂದರೆ ರೈಲಿನಲ್ಲಿ ಡೀಸಲಿನ ಒತ್ತಡ ತೀರ ಕಡಿಮೆ ಎಂದರ್ಥ. ಕಟ್ಟಿಕೊಂಡ ಫಿಲ್ಟರಿನಿಂದಲೂ ಹೀಗಾಗುತ್ತದೆ. ಆಗ ಒತ್ತಡದ ಸೆನ್ಸಾರು ಬದಲಿಸಿದರೆ ನಿಜ ಹೇಳಿದ ನೀರುಗಂಟಿಯನ್ನೇ ಕೆಲಸದಿಂದ ತೆಗೆದಂತಾಯಿತು.

ಹೇಗೆ ನಿಂತಿತೆಂಬುದನ್ನು ಬರೆದಿಡಿರಿ

ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕ ಇಡಿರಿ. ನಿಂತ ಕೂಡಲೆ ಹೊತ್ತು, ಸ್ಥಳ, ಎಷ್ಟು ದೂರ ಓಡಿತ್ತು, ಟ್ಯಾಂಕಿನಲ್ಲಿ ಎಷ್ಟು ಡೀಸಲ್ ಇತ್ತು, ಯಾವ ದೀಪ ಹತ್ತಿತು ಎಂಬುದನ್ನು ಬರೆಯಿರಿ. ಮೇಸ್ತ್ರಿಗೆ ಇದು ಯಂತ್ರದಷ್ಟೇ ಸಹಾಯಕ.

ಸ್ವಿಚ್ಚು ಒತ್ತಿದಂತೆ ತಟ್ಟನೆ ನಿಂತರೆ ಮೊದಲು ವಿದ್ಯುತ್ತಿನ ಕಡೆ ನೋಡಬೇಕು. ಕೆಮ್ಮುತ್ತ, ಜಗ್ಗುತ್ತ, ಬಲ ಕಳೆದುಕೊಂಡು ನಿಂತರೆ ಡೀಸಲಿನ ಕಡೆ ನೋಡಬೇಕು. ಗುಂಡಿಯಲ್ಲಿ ಕುಲುಕಿದಾಗ ನಿಂತರೆ ಸಡಿಲವಾದ ವೈರು ಅಥವಾ ಬ್ಯಾಟರಿಯ ಟರ್ಮಿನಲ್ ಕಾರಣವಿರಬಹುದು. ಕಾದಾಗ ನಿಂತು ಆರಿದಾಗ ಹೊರಟರೆ ಕ್ರಾಂಕ್ ಸೆನ್ಸಾರು ಅಥವಾ ಅದರ ವೈರಿನ ಮೇಲೆ ಸಂಶಯ. ಫಿಲ್ಟರು ಬದಲಿಸಿದ ಮರುದಿನವೇ ನಿಂತರೆ ಏರ್ ಹಿಡಿದಿರಬಹುದು.

ಸೆಲ್ಫ್ ಹೊಡೆಯುವಾಗ ಆರ್.ಪಿ.ಎಂ. ಮುಳ್ಳನ್ನು ಗಮನಿಸಿರಿ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆಯಿಂದ ಏಳದಿದ್ದರೆ ಅನೇಕ ಗಾಡಿಗಳಲ್ಲಿ ಕ್ರಾಂಕ್ ಸೆನ್ಸಾರಿನ ಸುದ್ದಿ ಬರುತ್ತಿಲ್ಲವೆಂಬ ಸುಳಿವು. ಹಿಂದಿನ ಹೊಗೆಯನ್ನೂ ನೋಡಿರಿ. ಬಿಳಿ ಹೊಗೆ ಬಂದರೆ ಡೀಸಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಬಾರದಿದ್ದರೆ ಡೀಸಲ್ ಮುಟ್ಟುತ್ತಿಲ್ಲ.

ಮೊದಲು ಡೀಸಲ್ ಮತ್ತು ಗಾಳಿ

ಇದು ಕಂಪ್ಯೂಟರಿಲ್ಲದ ಹಳೆಯ ಟ್ರಾಕ್ಟರಿಗೂ ಅನ್ವಯಿಸುತ್ತದೆ. ಡೀಸಲನ್ನು ಡ್ರಮ್ಮು, ಕ್ಯಾನುಗಳಲ್ಲಿ ಇಡುವುದು ನಮ್ಮ ಕಡೆ ವಾಡಿಕೆ. ಅರ್ಧ ಖಾಲಿಯಾದ ಡ್ರಮ್ಮಿನಲ್ಲಿ ಹಗಲಿನ ಸೆಕೆ, ರಾತ್ರಿಯ ತಂಪಿನಿಂದ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ನೀರು ಡೀಸಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಫಿಲ್ಟರಿನ ಕೆಳಗಿರುವ ತಿರುಪು ಸಡಿಲಿಸಿ ಸ್ವಲ್ಪ ಡೀಸಲನ್ನು ಗಾಜಿನ ಶೀಶೆಗೆ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರು, ಕೆಸರು ಬೇರೆಯಾಗಿ ಕಾಣುತ್ತದೆ.

ಸ್ವಲ್ಪ ದೂರ ಓಡಿ ನಿಂತು, ಬಿಟ್ಟರೆ ಮತ್ತೆ ಹೊರಡುವ ಗಾಡಿಯಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಿ. ಒಳಕ್ಕೆ ಗಾಳಿ ಎಳೆದ ಸಪ್ಪಳವಾಗಿ, ಆಮೇಲೆ ಎಂಜಿನ್ ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ ಎಂದು ತಿಳಿಯತಕ್ಕದ್ದು. ಎರೆಮಣ್ಣಿನ ನುಣ್ಣನೆಯ ಧೂಳಿಗೆ ಇಷ್ಟು ಕೆಲಸ ಸುಲಭ.

ಕಪ್ಪು ಹೊಗೆ ಬಂದು ಬಲ ಕಡಿಮೆಯಾದರೆ ಏರ್ ಫಿಲ್ಟರು ನೋಡಿರಿ. ರಾಶಿ ಮಾಡುವ ಕಾಲದಲ್ಲಿ ಹೊಟ್ಟು, ಧೂಳಿನಿಂದ ಅದು ಬೇಗ ಕಟ್ಟುತ್ತದೆ.

ಆಮೇಲೆ ಬ್ಯಾಟರಿ, ಅರ್ಥಿಂಗ್, ವೈರು

ಹಳ್ಳಿಯಲ್ಲಿ ಮೋಟಾರು ನೋಡುವವರ ಬಳಿ ಮಲ್ಟಿಮೀಟರು ಇರುತ್ತದೆ. ತುಂಬಿದ ಬ್ಯಾಟರಿ ಗಾಡಿ ನಿಂತಾಗ ಸುಮಾರು 12.6 ವೋಲ್ಟು ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ನೋಡಿರಿ. ವೋಲ್ಟು ಇಳಿದಾಗ ಕಂಪ್ಯೂಟರು ಒಳ್ಳೆಯ ಸೆನ್ಸಾರಿನ ಮೇಲೂ ತಪ್ಪು ಹೊರಿಸುತ್ತದೆ.

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿ ಸಡಿಲವಿದೆ ಅಥವಾ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಸಾಕು. ಇದಕ್ಕೆ ಖರ್ಚು ಒಂದು ಮಸಿಕಾಗದ.

ಇನ್ನು ವೈರು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ವೈರಿನ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಿಸಿರಿ. ಒಂದು ಕಡೆ ಮುಟ್ಟಿದಾಗ ಎಂಜಿನ್ ತಡವರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಆದರೆ ಹೆಗಲ ಮೇಲಿನ ಟವೆಲ್ಲು ತೆಗೆದಿಡಿರಿ. ಪಂಚೆಯ ಚುಂಗು ಕಟ್ಟಿರಿ. ಫ್ಯಾನು, ಬೆಲ್ಟಿನ ಹತ್ತಿರ ಕೈ ಒಯ್ಯಕೂಡದು. ಕಪ್ಲರುಗಳನ್ನು ಎಂಜಿನ್ ನಿಲ್ಲಿಸಿ ಬಿಚ್ಚಿ, ಒಳಗೆ ಹಸಿರು ಕಿಲುಬು, ನೀರು, ಬಾಗಿದ ಪಿನ್ನು ಇವೆಯೇ ನೋಡಿರಿ. ಗಾಡಿ ತೊಳೆಯುವಾಗ ಒತ್ತಡದ ನೀರನ್ನು ಕಪ್ಲರುಗಳ ಮೇಲೆ ಹೊಡೆಯಬಾರದು.

ಕಡೆಯಲ್ಲಿ ಸೆನ್ಸಾರು

ಇಷ್ಟೆಲ್ಲ ಸರಿಯಿದ್ದರೆ ಸೆನ್ಸಾರಿನ ಪರೀಕ್ಷೆ. ಮೂರು ವೈರಿನ ಸೆನ್ಸಾರುಗಳಿಗೆ ಸಾಮಾನ್ಯವಾಗಿ 5 ವೋಲ್ಟು ಬರಬೇಕು. ಕಪ್ಲರು ಬಿಚ್ಚಿ, ಕೀಲಿ ಆನ್ ಮಾಡಿ ಅಳೆಯಿರಿ. 5 ವೋಲ್ಟು ಬಾರದಿದ್ದರೆ ಹೊಸ ಸೆನ್ಸಾರು ಹಾಕಿ ಫಲವಿಲ್ಲ. ಹಲವು ಸೆನ್ಸಾರುಗಳಿಗೆ ಒಂದೇ 5 ವೋಲ್ಟು ಹಂಚಿಕೆಯಾಗುವುದರಿಂದ, ಒಂದು ಒಳಗೇ ಕೂಡಿಕೊಂಡರೆ ಉಳಿದವಕ್ಕೂ ಉಪವಾಸ. ಒಂದೊಂದೇ ಕಪ್ಲರು ಬಿಚ್ಚುತ್ತ ಹೋಗಿರಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟು ತಿರುಗಿ ಬಂದಿತೋ ಅದೇ ದೋಷಿ.

ಎರಡು ವೈರಿನ ಕ್ರಾಂಕ್ ಸೆನ್ಸಾರಿನ ಒಳಗೆ ತಂತಿಯ ಸುರುಳಿ ಇರುತ್ತದೆ. ತಣ್ಣಗಿದ್ದಾಗ ಒಮ್ಮೆ, ಕಾದು ನಿಂತ ಕೂಡಲೆ ಒಮ್ಮೆ ಅದರ ಓಮ್ ಅಳೆದು ಬರೆದಿಡಿರಿ. ಎಷ್ಟಿರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಗಾಡಿಯ ಸರ್ವಿಸ್ ಪುಸ್ತಕ ನೋಡಬೇಕು. ಆದರೆ ತಣ್ಣಗಿದ್ದಾಗ ಲೆಕ್ಕ ಬಂದು, ಕಾದಾಗ ಮೀಟರು ಏನನ್ನೂ ತೋರಿಸದಿದ್ದರೆ ಸುರುಳಿ ಒಳಗೇ ಬಿಡುತ್ತಿದೆ. ಆಗ ಧಾರಾಳವಾಗಿ ಬದಲಿಸಿರಿ. ಮೂರು ವೈರಿನದನ್ನು ಹೀಗೆ ಓಮ್ ಅಳೆದು ತೀರ್ಮಾನಿಸಕೂಡದು.

ನೀರಿನ ಬಿಸಿ ಅಳೆಯುವ ಸೆನ್ಸಾರಿನ ಓಮ್ ತಣ್ಣಗಿದ್ದಾಗ ಹೆಚ್ಚು, ಕಾದಾಗ ಕಡಿಮೆ. ಅನೇಕ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಬಿಸಿಯಾದರೂ ಲೆಕ್ಕ ಇಳಿಯದಿದ್ದರೆ ಅದು ಸುಳ್ಳು ಹೇಳುತ್ತಿದೆ.

ಈ ಎಚ್ಚರಿಕೆ ಮರೆಯಬಾರದು

ಹಳೆಯ ಟ್ರಾಕ್ಟರಿನಲ್ಲಿ ಏರ್ ತೆಗೆಯಲು ಇಂಜೆಕ್ಟರಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವ ರೂಢಿ ಇದೆ. ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಎಂದಿಗೂ ಮಾಡಕೂಡದು. ಕಾರಿನ ಚಕ್ರದಲ್ಲಿ ಗಾಳಿ 30 ಪೌಂಡಿನಷ್ಟಿದ್ದರೆ ಆ ಪೈಪಿನಲ್ಲಿ ಡೀಸಲಿನ ಒತ್ತಡ 14,000 ಪೌಂಡನ್ನೂ ಮೀರಬಹುದು. ಕೂದಲೆಳೆಯಷ್ಟು ಸೋರಿಕೆಯೂ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಕೂಡಲೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸೋರಿಕೆಯನ್ನು ಕೈಯಿಂದ ಹುಡುಕಬಾರದು; ರಟ್ಟಿನ ತುಂಡು ಹಿಡಿದು ನೋಡತಕ್ಕದ್ದು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

ಓಡುತ್ತಿರುವಾಗ ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಗಡುಸಾಗುತ್ತದೆ. ಬ್ರೇಕು ಒಂದೆರಡು ಸಲ ಮಾತ್ರ ಹಗುರವಾಗಿ ಹಿಡಿಯುತ್ತದೆ. ಮತ್ತೆ ಮತ್ತೆ ತುಳಿಯದೆ ಒಂದೇ ಸಮನೆ ಒತ್ತಿ ಎಡಕ್ಕೆ ಸರಿಸಿರಿ. ಗಾಡಿ ನಿಲ್ಲುವ ಮೊದಲು ಕೀಲಿ ತೆಗೆಯಬೇಡಿರಿ. ಸ್ಟೇರಿಂಗ್ ಲಾಕ್ ಆದೀತು. ನಾಲ್ಕೂ ಸೂಚನೆಯ ದೀಪ ಹತ್ತಿಸಿ, ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಡಿರಿ. ಗುರುತಿಗೆ ಕಲ್ಲು ಇಟ್ಟು, ಹೊರಡುವಾಗ ಅಲ್ಲಿಯೇ ಬಿಟ್ಟು ಹೋಗುವ ಅಭ್ಯಾಸ ನಮ್ಮ ರಸ್ತೆಗಳಲ್ಲಿ ಉಂಟು. ಹಿಂದಿನಿಂದ ಬೈಕಿನಲ್ಲಿ ಬರುವವನು ನಮ್ಮೂರ ಹುಡುಗನೇ ಇರಬಹುದು.

ಕೊನೆಯದಾಗಿ ಒಂದು ಮಾತು. ಮೇಸ್ತ್ರಿಯ ಮೇಲೆ ಸಂಶಯ ಪಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸೆನ್ಸಾರು ಬದಲಿಸಬೇಕೆಂದಾಗ, ‘ವೈರು ನೋಡಿದಿರಾ? ವೋಲ್ಟು ಅಳೆದಿರಾ? ಡೀಸಲ್ ಬರುತ್ತಿದೆಯೇ?’ ಎಂದು ಕೇಳುವ ಹಕ್ಕು ದುಡ್ಡು ಕೊಡುವ ತಮಗಿದೆ. ಕೋಡನ್ನು ಅಳಿಸುವ ಮೊದಲು ಬರೆದುಕೊಳ್ಳಿರಿ. ತೆಗೆದ ಹಳೆಯ ಸೆನ್ಸಾರನ್ನು ಕೇಳಿ ಪಡೆಯಿರಿ. ಹಾಗೆಯೇ ಇಂದು ಸಂಜೆ ಗಾಡಿಯನ್ನು ಬಣವೆಯಿಂದ ನಾಲ್ಕು ಮಾರು ದೂರ ನಿಲ್ಲಿಸಿರಿ. ಇದಕ್ಕೆ ಖರ್ಚೇ ಇಲ್ಲ.