ಗಾಣ ಎಲ್ಲಿ ಹೂಡುವುದು?

ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿದವನ ಮುಂದೆ ಎರಡು ದಾರಿ. ಲೋಡು ಮಾಡಿ ಕಾರ್ಖಾನೆಗೆ ಕಳಿಸಬಹುದು, ಇಲ್ಲವೇ ಪಕ್ಕದ ಆಲೆಮನೆಗೆ ಹಾಕಿ ಬೆಲ್ಲ ಮಾಡಿಸಬಹುದು. ಕಾರ್ಖಾನೆಯ ಗಾಣ ದೊಡ್ಡದು, ಒಂದೇ ಕಡೆ ಸಾವಿರಾರು ಟನ್ ಅರೆಯುತ್ತದೆ. ಆದರೆ ಅಲ್ಲಿಯವರೆಗೆ ಕಬ್ಬಿನ ಪೂರ್ತಿ ತೂಕ ಹೊರಬೇಕು, ಯಾರ್ಡಿನಲ್ಲಿ ಸರದಿ ಕಾಯಬೇಕು. ಕಾದಷ್ಟೂ ಕಬ್ಬು ಒಣಗಿ ಇಳುವರಿ ಇಳಿಯುತ್ತದೆ. ಆಲೆಮನೆಯಾದರೆ ಗದ್ದೆಯ ಮಗ್ಗುಲಲ್ಲೇ ಇದೆ. ನೂರು ಕೆಜಿ ಕಬ್ಬು ಹತ್ತು ಹನ್ನೊಂದು ಕೆಜಿ ಬೆಲ್ಲವಾಗಿ ಹೊರಡುತ್ತದೆ, ಸಾಗಾಟ ಹಗುರ. ಆದರೆ ಊರೂರಿಗೂ ಗಾಣ, ಕೊಪ್ಪರಿಗೆ, ಆಳು ಬೇಕು.

ಮುಂದಿನ ಪೀಳಿಗೆಯ ಮೊಬೈಲ್ ಜಾಲವನ್ನು ಹೇಗೆ ಕಟ್ಟಬೇಕು ಎಂದು ಜಗತ್ತಿನ ಎಂಜಿನಿಯರುಗಳು ಹತ್ತಾರು ವರ್ಷಗಳಿಂದ ನಡೆಸಿರುವ ಜಗಳವೂ ಬಹುಪಾಲು ಇದೇ. ಗಾಣ ಎಲ್ಲಿ ಹೂಡುವುದು?

ಟವರಿನ ಮೇಲಿನ ಆಂಟೆನಾ ನಮ್ಮ ಫೋನಿನ ರೇಡಿಯೊ ಅಲೆಯನ್ನು ಹಿಡಿದು ಅಂಕಿಗಳಾಗಿ ಮಾಡುತ್ತದೆ. ಈ ಅಂಕಿಗಳೇ ಹಸಿ ಕಬ್ಬು. ಅದರಲ್ಲಿ ಗದ್ದಲವೂ ಇದೆ, ಪಕ್ಕದ ಟವರಿನ ಕೂಗೂ ಇದೆ, ನಮ್ಮ ಮಾತೂ ಇದೆ. ಲೆಕ್ಕ ಮಾಡಿ, ತಪ್ಪು ತಿದ್ದಿ, ಮಾತನ್ನಷ್ಟೇ ಹಿಂಡಿ ತೆಗೆಯಬೇಕು. ಹಳೆಯ ಜಾಲಗಳಲ್ಲಿ ಈ ಕೆಲಸವೆಲ್ಲ ಟವರಿನ ಬುಡದ ಪೆಟ್ಟಿಗೆಯಲ್ಲೇ ನಡೆಯುತ್ತಿತ್ತು. ಆಮೇಲೆ ಒಂದು ಆಸೆ ಹುಟ್ಟಿತು: ನೂರು ಟವರಿನ ಅಂಕಿಗಳನ್ನು ಒಂದೇ ಕಡೆ ತಂದು ದೊಡ್ಡ ಕಂಪ್ಯೂಟರಿನಲ್ಲಿ ಹಿಂಡಿದರೆ ಖರ್ಚು ಉಳಿಯುವುದಲ್ಲ! ಆಸೆ ಸರಿ, ಸಾಗಾಟ ಕೈಕೊಟ್ಟಿತು. ಎರಡು ಆಂಟೆನಾದ ಸಾಮಾನ್ಯ 4ಜಿ ಟವರು ಗಿರಾಕಿಗೆ ಕೊಡಬಲ್ಲದ್ದು ಸೆಕೆಂಡಿಗೆ ಗರಿಷ್ಠ 150 ಮೆಗಾಬಿಟ್. ಅದರ ಹಸಿ ಅಂಕಿಗಳನ್ನು ಹೊರಲು ಬೇಕಾದದ್ದು ಸುಮಾರು 2,500 ಮೆಗಾಬಿಟ್. ರಸ ಒಂದು ಪಾಲು, ಸಿಪ್ಪೆ ಹದಿನೈದು ಪಾಲು. ನಡುರಾತ್ರಿ ಒಬ್ಬನೂ ಮಾತಾಡದಿದ್ದರೂ ಈ ಹೊರೆ ಇಳಿಯುವುದಿಲ್ಲ. 64 ಆಂಟೆನಾಗಳ 5ಜಿ ಬಂದಾಗಲಂತೂ ಲೆಕ್ಕ ನೂರಾರು ಗಿಗಾಬಿಟ್‌ಗೆ ಹಾರಿತು.

ಹಾಗಾಗಿ ಈಗ ರಾಜಿ ಆಗಿದೆ. ಕೆಲಸವನ್ನು ಮೂರು ಪಾಲು ಮಾಡಿದ್ದಾರೆ. ಟವರಿನ ತುದಿಯಲ್ಲಿ ರೇಡಿಯೊ ಘಟಕ ಅರ್ಧ ಹಿಂಡಿ ಕಳಿಸುತ್ತದೆ. ಹತ್ತಿರದ ಪೇಟೆಯಲ್ಲಿ ಹಂಚಿಕೆ ಘಟಕ ಉಳಿದದ್ದನ್ನು ಹಿಂಡುತ್ತದೆ. ಅವಸರವಿಲ್ಲದ ಕೆಲಸ ದೂರದ ಕೇಂದ್ರ ಘಟಕದ್ದು. ಈ ಪಾಲುಗಳ ನಡುವಿನ ಮಾತುಕತೆಯ ಭಾಷೆಯನ್ನು ಬಹಿರಂಗ ಮಾಡಿ, ಒಂದು ಕಂಪನಿಯ ಗಾಣಕ್ಕೆ ಇನ್ನೊಂದು ಕಂಪನಿಯ ಕೊಪ್ಪರಿಗೆ ಹೊಂದುವಂತೆ ಮಾಡಲು 2018ರಲ್ಲಿ ಓ-ರಾನ್ ಅಲಯನ್ಸ್ ಹುಟ್ಟಿತು.

ಕಬ್ಬು ಒಣಗುವ ಮಾತು ಇಲ್ಲೂ ಇದೆ. ಫೋನು ಒಂದು ಕಟ್ಟು ಮಾಹಿತಿ ಕಳಿಸಿದರೆ ಟವರು 'ಮುಟ್ಟಿತು' ಅಥವಾ 'ಮತ್ತೆ ಕಳಿಸು' ಎಂದು ತಕ್ಷಣ ಹೇಳಬೇಕು. 4ಜಿಯಲ್ಲಿ ಆ ಗಡುವು ನಾಲ್ಕು ಮಿಲಿಸೆಕೆಂಡು, 5ಜಿಯಲ್ಲಿ ಇನ್ನೂ ಬಿಗಿ ಮಾಡಬಹುದು. ಅದರೊಳಗೆ ಲೆಕ್ಕವೂ ಆಗಬೇಕು, ಸಾಗಾಟವೂ ಆಗಬೇಕು. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು ಐದು ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತದೆ. ಬಹುಪಾಲು ಲೆಕ್ಕಕ್ಕೇ ಹೋಗಿ, ಸಾಗಾಟಕ್ಕೆ ಮಿಕ್ಕುವುದು ಒಂದು ಕಡೆಗೆ ಸುಮಾರು ನೂರು ಮೈಕ್ರೋಸೆಕೆಂಡು. ಅಂದರೆ ಸುಮಾರು 20 ಕಿಲೋಮೀಟರ್.

ಈ ಇಪ್ಪತ್ತನ್ನು ನಮ್ಮ ನಕ್ಷೆಯ ಮೇಲಿಟ್ಟು ನೋಡಿ. ಮಂಡ್ಯದಿಂದ ಮದ್ದೂರು ಹೆಚ್ಚೂಕಡಿಮೆ ಅಷ್ಟೇ ದೂರ. ಮದ್ದೂರಿನಿಂದಲೂ ಮಂಡ್ಯದಿಂದಲೂ ಮಳವಳ್ಳಿ ಅದಕ್ಕಿಂತ ಹೆಚ್ಚು. ಕೇಬಲ್ಲೋ ನೇರ ಹೋಗುವುದಿಲ್ಲ; ರಸ್ತೆ, ನಾಲೆ ಏರಿ, ರೈಲು ಹಳಿ ಸುತ್ತಿಕೊಂಡು ಹೋಗುತ್ತದೆ. ಹಾಗಾದರೆ ಮಂಡ್ಯದಲ್ಲಿ ಕೂತ ಹಂಚಿಕೆ ಘಟಕ ಮಳವಳ್ಳಿಯ ಹಳ್ಳಿಗಳ ಟವರನ್ನು ಆಳಲಾರದು. ಮೂರು ಪೇಟೆಗೂ ಒಂದೊಂದು ಆಲೆಮನೆ ಬೇಕು. ಕೇಂದ್ರ ಘಟಕ ಮಾತ್ರ ಮಂಡ್ಯದಲ್ಲೊಂದೇ ಸಾಕು, ಬೆಂಗಳೂರಿನಲ್ಲಿದ್ದರೂ ನಡೆಯುತ್ತದೆ. ಇದು ನಾನು ಕಾಗದದ ಮೇಲೆ ಹಾಕಿದ ಲೆಕ್ಕ, ಯಾವುದೇ ಕಂಪನಿಯ ನಕ್ಷೆಯಲ್ಲ. ಜತೆಗೆ ಕಾಗದದ ಮೇಲೆ ಜೆಸಿಬಿ ಓಡಾಡುವುದಿಲ್ಲ. ನೆಲದ ಮೇಲೆ ರಸ್ತೆ ಅಗೆಯುವ ಜೆಸಿಬಿ ಒಂದು ಕೇಬಲ್ ಕಿತ್ತರೆ ಹಿಂದಿನಿಂದ ಸುತ್ತಿ ಬರುವ ಎರಡನೇ ದಾರಿ ಇರಲೇಬೇಕು.

ಇಷ್ಟು ಟವರಿನ ಕಡೆಯ ಮಾತು. ಅದರ ಹಿಂದೆ ಜಾಲದ ಒಡಲು ಇದೆ, ಎಂಜಿನಿಯರುಗಳು 'ಕೋರ್' ಎನ್ನುವುದು ಇದಕ್ಕೇ. ಇದನ್ನು ತಿಳಿಯಲು ಕನ್ನಂಬಾಡಿ ಕಟ್ಟೆಯ ಕಡೆ ತಿರುಗಿದರೆ ಒಳ್ಳೆಯದು. ಇರ್ವಿನ್ ನಾಲೆ ಎಂದು ಮೊದಲು ಹೆಸರಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುವುದು ನೀರು. ಯಾವ ತೂಬು ಯಾವಾಗ ಎತ್ತಬೇಕು, ಯಾವ ಕಡೆಗೆ ಎಷ್ಟು ದಿನದ ಕಟ್ಟು ಎಂಬುದು ಆದೇಶ. ಆದೇಶ ಕಚೇರಿಯಿಂದ ಕಾಗದದಲ್ಲಿ, ಫೋನಿನಲ್ಲಿ ಹೋಗುತ್ತದೆ. ನೀರು ಕಚೇರಿಯೊಳಗೆ ಹರಿದು ಹೋಗಬೇಕಾಗಿಲ್ಲ. ಮೊಬೈಲ್ ಜಾಲದವರಿಗೆ ಈ ಸರಳ ಸಂಗತಿ ಪೂರ್ತಿ ದಕ್ಕಲು ತಡವಾಯಿತು. ಆದೇಶವನ್ನೂ ಹರಿವನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸುವ ಅಭ್ಯಾಸ 4ಜಿಯಲ್ಲೂ ಅಷ್ಟಿಷ್ಟು ಉಳಿದಿತ್ತು. 2018ರಲ್ಲಿ ಸಿದ್ಧವಾದ 5ಜಿಯ ಮಾನಕ ಎರಡನ್ನೂ ಬುಡದಿಂದಲೇ ಬೇರೆ ಮಾಡಿತು. ಸಿಮ್ ಯಾರದು, ಹಣ ಕಟ್ಟಿದ್ದಾನೋ, ಈಗ ಎಲ್ಲಿದ್ದಾನೆ ಎಂಬ ವಿಚಾರಣೆ ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ನಡೆಯಲಿ. ಮಾಹಿತಿಯ ಹರಿವು ಮಾತ್ರ ಹತ್ತಿರದಲ್ಲೇ ಹೊರಬೀಳಲಿ.

ಗೆಜ್ಜಲಗೆರೆಯ ಹಾಲಿನ ಡೇರಿಯಂಥ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಓಡುವ ಸಾಲಿನಲ್ಲಿ ಒಡೆದ ಪ್ಯಾಕೆಟ್ಟನ್ನು ಕ್ಯಾಮೆರಾ ಗುರುತಿಸಿ ತಳ್ಳಬೇಕು ಎನ್ನಿ. ಚಿತ್ರ ಸಾವಿರ ಕಿಲೋಮೀಟರ್ ದೂರದ ಮುಂಬೈಗೆ ಹೋಗಿ ಬರಲು ಗಾಜಿನ ಎಳೆಯಲ್ಲೇ ಹತ್ತು ಮಿಲಿಸೆಕೆಂಡು ಬೇಕು, ನಡುವಿನ ಪೆಟ್ಟಿಗೆಗಳ ಕಾಯುವಿಕೆ ಬೇರೆ. ಹರಿವಿನ ತೂಬನ್ನು ಡೇರಿಯ ಆವರಣದಲ್ಲೇ ಇಟ್ಟರೆ ಈ ಪ್ರಯಾಣವೇ ಇಲ್ಲ.

ಅಂದಹಾಗೆ, 2022ರ ಅಕ್ಟೋಬರ್ 1ರಂದು ಭಾರತದಲ್ಲಿ 5ಜಿ ಶುರುವಾದಾಗ ಎಲ್ಲರೂ ಹೊಸ ಒಡಲನ್ನು ಕಟ್ಟಿರಲಿಲ್ಲ. ಒಂದು ಕಂಪನಿ ಹೊಸ ಒಡಲಿನೊಂದಿಗೇ ಬಂದರೆ, ಇನ್ನೊಂದು 4ಜಿ ಒಡಲಿಗೇ 5ಜಿ ಟವರು ಜೋಡಿಸಿತು. ಫೋನಿನ ಮೂಲೆಯಲ್ಲಿ 5ಜಿ ಎಂದು ಬಂದರೂ ಒಳಗೆ ಹಳೆಯ ಎಂಜಿನ್ನೇ ಓಡುತ್ತಿರಬಹುದು.

ಈಗ ನಾಲೆಯ ಕೊನೆ ಭಾಗಕ್ಕೆ ಬರೋಣ. ಕಟ್ಟೆ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗೆ ನೀರು ಮುಟ್ಟಲಿಲ್ಲ ಎಂಬ ದೂರು ಪತ್ರಿಕೆಗಳಿಗೆ ಹಳೆಯ ಸುದ್ದಿ. ಟವರಿಗೂ ಕೊನೆ ಭಾಗ ಇದೆ. 'ಟವರ್ ಅದೆ, ಫೋನ್ ಹೋಯ್ತಾ ಇಲ್ಲ ಕಣಣ್ಣ' ಎಂಬ ಮಾತಿನಲ್ಲಿ ಭೌತಶಾಸ್ತ್ರವೇ ಅಡಗಿದೆ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ, ನಮ್ಮ ಫೋನು ಕೂಗಬಲ್ಲದ್ದು ಸುಮಾರು 0.2 ವ್ಯಾಟ್. ಟವರಿನ ಕೂಗು ಗದ್ದೆಗೆ ಕೇಳಿಸುತ್ತದೆ, ಗದ್ದೆಯ ದನಿ ಟವರಿಗೆ ಮುಟ್ಟುವುದಿಲ್ಲ. ನಡುವೆ ಆಳೆತ್ತರದ ಕಬ್ಬು ನಿಂತಿದ್ದರೆ ಅದರ ಎಲೆಯ ನೀರೂ ಅಲೆಯನ್ನು ಒಂದಿಷ್ಟು ಹೀರುತ್ತದೆ. 700 ಮೆಗಾಹರ್ಟ್ಸ್‌ನ ಅಲೆ 43 ಸೆಂಟಿಮೀಟರ್ ಉದ್ದ, ಹೇಗೋ ನುಸುಳಿಕೊಳ್ಳುತ್ತದೆ; 26 ಗಿಗಾಹರ್ಟ್ಸ್‌ನ ಒಂದು ಸೆಂಟಿಮೀಟರ್ ಅಲೆಗೆ ಕಬ್ಬಿನ ಗದ್ದೆ ಗೋಡೆಯಿದ್ದಂತೆ.

5ಜಿಯ ಪರೀಕ್ಷಾ ನಿಯಮ ಬರೆಯುವಾಗ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ 'ಹಳ್ಳಿ' ಎಂದರೆ ಟವರಿನಿಂದ ಟವರಿಗೆ 1,732 ಮೀಟರ್ ಎಂದಿತ್ತು. ನಮ್ಮ ಯಾವ ಹಳ್ಳಿಯಲ್ಲಿ ಅಷ್ಟು ಹತ್ತಿರ ಟವರು ನೆಡುತ್ತಾರೆ? ಟಿಎಸ್‌ಡಿಎಸ್‌ಐ ಎಂಬ ಭಾರತದ ಮಾನಕ ಸಂಸ್ಥೆ ತಕರಾರು ತೆಗೆಯಿತು. ಭಾರತ್‌ನೆಟ್ ಎಂಬ ಸರ್ಕಾರಿ ಯೋಜನೆಯ ಕೇಬಲ್ ಮುಟ್ಟುವುದು ಗ್ರಾಮ ಪಂಚಾಯಿತಿ ಕಚೇರಿಗೆ. ಟವರನ್ನು ಅಲ್ಲೇ ಇಟ್ಟರೆ ಅದು ಸುತ್ತಲಿನ ಎರಡು ಮೂರು ಕಿಲೋಮೀಟರಿನ ಹಳ್ಳಿಗಳನ್ನು ಮುಟ್ಟಬೇಕು ಎಂಬುದು ಅದರ ವಾದ. 2017ರ ನಿಯಮದಲ್ಲಿ 6 ಕಿಲೋಮೀಟರ್ ಅಂತರದ ಪರೀಕ್ಷೆಯೂ ಸೇರಿತು. ಫೋನಿನ ಅದೇ ಸಣ್ಣ ದನಿಯನ್ನು ಇನ್ನಷ್ಟು ದೂರ ಮುಟ್ಟಿಸುವ ಅಲೆಯ ವಿನ್ಯಾಸವನ್ನು ಭಾರತ '5ಜಿಐ' ಹೆಸರಿನಲ್ಲಿ ಮುಂದಿಟ್ಟಿತು, ಕೊನೆಗೆ ಅದು ಜಾಗತಿಕ ಮಾನಕದ 17ನೇ ಆವೃತ್ತಿಯೊಳಗೆ ಬೆರೆಯಿತು. ಕೆಲವರು ಇದನ್ನು ವೃಥಾ ಹಟ ಎಂದರು. ನನಗೆ ಹಾಗನ್ನಿಸುವುದಿಲ್ಲ. ಅಳತೆಗೋಲಿನಲ್ಲೇ ಕೊನೆ ಭಾಗ ಇಲ್ಲದಿದ್ದರೆ ಯಂತ್ರದಲ್ಲಿ ಅದು ಎಲ್ಲಿಂದ ಬರಬೇಕು? 2023ರ ನವೆಂಬರಿನಲ್ಲಿ ಒಪ್ಪಿಗೆಯಾದ 6ಜಿಯ ಚೌಕಟ್ಟಿನ ಆರು ಬಳಕೆಗಳಲ್ಲಿ 'ಎಲ್ಲೆಡೆ ಸಂಪರ್ಕ'ವೇ ಈಗ ಒಂದು.

ನಮ್ಮ ಊರಿಗೆ ನಮ್ಮ ಯಂತ್ರ ಎನ್ನುವುದು ಕರ್ನಾಟಕಕ್ಕೆ ಹೊಸದಲ್ಲ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನುಗಳ ಹಳ್ಳಿ ಎಕ್ಸ್‌ಚೇಂಜ್, ಎಸಿ ಇಲ್ಲದೆ ಧೂಳು ಬಿಸಿಲು ತಾಳುವಂತೆ ಮಾಡಿದ್ದು, ಮೊದಲು ಕೂತದ್ದು 1986ರಲ್ಲಿ ಕಿತ್ತೂರಿನಲ್ಲಿ. ಅದೇ ಸಿ-ಡಾಟ್ ಕಟ್ಟಿದ ಒಡಲು, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ ಸೇರಿದ ಬಿಎಸ್‌ಎನ್‌ಎಲ್ 4ಜಿ 2025ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಶುರುವಾಯಿತು.

ಉಳಿದಿರುವುದು ಕರೆಂಟಿನ ಮಾತು. 4ಜಿ ಟವರು ಯಾರೂ ಇಲ್ಲದಿದ್ದರೂ ಪ್ರತಿ ಮಿಲಿಸೆಕೆಂಡಿಗೆ 'ನಾನಿದ್ದೇನೆ' ಎಂದು ಕೂಗುತ್ತಲೇ ಇರುತ್ತದೆ. 5ಜಿ ಟವರು ಇಪ್ಪತ್ತು ಮಿಲಿಸೆಕೆಂಡಿಗೊಮ್ಮೆ ಕೂಗಿ ನಡುವೆ ತೂಕಡಿಸಬಹುದು. 6ಜಿಯಲ್ಲಿ ಇನ್ನೂ ಗಾಢವಾಗಿ ಮಲಗಿಸಿ, ಕರೆದಾಗಷ್ಟೇ ಎಬ್ಬಿಸುವ ಯೋಚನೆಗಳಿವೆ. ಹಳ್ಳಿಯ ರಾತ್ರಿಗೆ ಇದು ಹೇಳಿ ಮಾಡಿಸಿದಂತಿದೆ, ಆದರೆ ಒಂದು ತೊಡಕಿದೆ. ತ್ರೀ ಫೇಸ್ ಕರೆಂಟು ಕೊಡುವುದೂ ಎಷ್ಟೋ ಸಲ ರಾತ್ರಿಯೇ. ಎರಡು ಗಂಟೆಗೆ ಎಚ್ಚರವಾದ ರೈತ ಹಾಸಿಗೆಯಿಂದಲೇ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿಗೆ ಫೋನು ಹಚ್ಚುತ್ತಾನೆ. ಕಳಿಸುವ ಮಾಹಿತಿ ನಾಲ್ಕಾರು ಅಕ್ಷರದಷ್ಟು. ಅದಕ್ಕಾಗಿ ಮಲಗಿದ ಟವರು ಏಳಬೇಕು, ಎಷ್ಟು ಮಿಲಿಸೆಕೆಂಡಿನಲ್ಲಿ ಎಂಬುದನ್ನು 6ಜಿ ಬರೆಯುವವರು ಈಗ ಕೂತು ಚೌಕಾಸಿ ಮಾಡುತ್ತಿದ್ದಾರೆ.