ತಂತ್ರಾಂಶವು ತನ್ನ ಕಟ್ಟಳೆಗಳನ್ನು ಅರಸುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರೊಂದರ ಡಿಟಿಪಿ ಅಂಗಡಿಯೊಂದರಲ್ಲಿ, ಲಿನಕ್ಸ್ ಅಳವಡಿಸಿದ ಒಂದೇ ಗಣಕಯಂತ್ರದ ಮುಂದೆ ಹಗಲೊಬ್ಬರು ಸಂಜೆಯೊಬ್ಬರು ಕುಳಿತು, ತಂತಮ್ಮ ಖಾತೆಗಳನ್ನು ತೆರೆದು, ಲಗ್ನಪತ್ರಿಕೆಗಳನ್ನು ಬೆರಳಚ್ಚಿಸುತ್ತಾರೆಂದು ಭಾವಿಸೋಣ. ಒಬ್ಬರು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಪಳಗಿದವರು. ಮತ್ತೊಬ್ಬರು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸಕ್ಕೆ ಒಗ್ಗಿದವರು. ‘ಡಿ’ ಕೀಲಿಯನ್ನು ಒತ್ತಿದೊಡನೆ ಮೊದಲನೆಯವರಿಗೆ ದಕಾರವು ಮೂಡಬೇಕು. ಎರಡನೆಯವರಿಗಾದರೋ ಹಲಂತಚಿಹ್ನೆಯು ಬರಬೇಕು. ಯಂತ್ರವೂ ತಂತ್ರಾಂಶವೂ ಒಂದೇ ಆಗಿರುವಲ್ಲಿ ಈ ಭೇದವು ಎಲ್ಲಿಂದ ಒದಗುತ್ತದೆ?

ಎರಡು ವಿನ್ಯಾಸಗಳ ವಿವರಣೆಯೂ ಎಮ್17ಎನ್ ಎಂಬ ಸಂಗ್ರಹದ ಕಡತಗಳಾಗಿ ಸರ್ವರಿಗೂ ಸಾಧಾರಣವಾದ ‘ಯುಎಸ್ಆರ್’ ಕೋಶದೊಳಗೆ ಇರುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಂಡಿದ್ದಾರೆಂಬುದು ಮಾತ್ರ, ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದಲ್ಲಿ, ಆಯಾ ಬಳಕೆದಾರರ ಸ್ವಂತ ಕೋಶದಲ್ಲಿ ಬರೆಯಲ್ಪಡುತ್ತದೆ. ಇಡೀ ಯಂತ್ರಕ್ಕೆ ಅನ್ವಯಿಸುವ ಕಟ್ಟಳೆಗಳಿಗೆ (ಸೆಟ್ಟಿಂಗ್‌ಗಳಿಗೆ) ‘ಎಟ್ಸಿ’ ಕೋಶವು ನಿಯತಸ್ಥಾನ. ಅಲ್ಲಿ ಬರೆಯುವ ಅಧಿಕಾರವು ಮೇಲ್ವಿಚಾರಕನಿಗೆ ಮಾತ್ರವಿರುವುದರಿಂದ, ಒಬ್ಬರ ಅಭಿರುಚಿಯು ಮತ್ತೊಬ್ಬರ ಕೆಲಸವನ್ನು ಕೆಡಿಸಲಾರದು.

ಹಿಂದೆ ಪ್ರತಿಯೊಂದು ತಂತ್ರಾಂಶವೂ ಚುಕ್ಕೆಯಿಂದ ಮೊದಲಾಗುವ ಹೆಸರಿನ ಕಡತವನ್ನು ಬಳಕೆದಾರನ ಕೋಶದಲ್ಲಿ ತನಗೆ ತೋಚಿದಂತೆ ಇರಿಸುತ್ತಿದ್ದಿತು. ಅಂತಹ ಹೆಸರುಗಳು ಪಟ್ಟಿಯಲ್ಲಿ ಕಾಣಿಸದಿರುವುದು ಯೋಜಿತವಾದ ಸೌಲಭ್ಯವಲ್ಲ, ಎರಡು ವಿಶೇಷ ನಮೂದುಗಳನ್ನು ಮರೆಮಾಡಲು ಬರೆದ ಸಾಲೊಂದರ ಅನುದ್ದಿಷ್ಟ ಫಲವೆಂದು ಯುನಿಕ್ಸ್ ತಂಡದಲ್ಲಿ ದುಡಿದ ರಾಬ್ ಪೈಕ್ ವಿವರಿಸಿದ್ದಾರೆ. ಕಡತಗಳು ಹೀಗೆ ತೋಚಿದಂತೆ ಸೇರುವ ಅಸ್ತವ್ಯಸ್ತತೆಯನ್ನು ನಿವಾರಿಸಲೆಂದು 2003ರಲ್ಲಿ ರೂಪುಗೊಂಡ ಎಕ್ಸ್‌ಡಿಜಿ ನಿಯಮದಂತೆ, ತಂತ್ರಾಂಶವು ಗೊತ್ತಾದ ಪರಿಸರ ಚರವೊಂದರಲ್ಲಿ ವಿಳಾಸವಿದ್ದರೆ ಅದನ್ನೂ, ಇಲ್ಲವಾದರೆ ಬಳಕೆದಾರನ ‘ಡಾಟ್ ಕಾನ್ಫಿಗ್’ ಕೋಶವನ್ನೂ ಮೊದಲು ನೋಡಬೇಕು. ತರುವಾಯವೇ ಸಾಧಾರಣ ಕೋಶಗಳ ಸರದಿ.

ಅರಸುವ ಕ್ರಮದಲ್ಲಿಯೂ ಎರಡು ವಿಧಗಳುಂಟು. ಕೆಲವು ತಂತ್ರಾಂಶಗಳು ಮೊದಲು ದೊರೆತ ಕಡತದಲ್ಲಿಯೇ ನಿಲ್ಲುತ್ತವೆ. ಕಡತಗಳ ಆವೃತ್ತಿಗಳನ್ನು ಕಾಯ್ದಿರಿಸುವ ಗಿಟ್‌ನಂತಹವು ಯಂತ್ರದ್ದು, ಬಳಕೆದಾರನದು, ಆಯಾ ಯೋಜನೆಯದು ಎಂಬ ಅನುಕ್ರಮದಲ್ಲಿ ಎಲ್ಲವನ್ನೂ ಓದಿ, ಒಂದೇ ವಿಷಯದಲ್ಲಿ ವಿರೋಧ ಬಂದಾಗ ಕಡೆಯ ಮಾತನ್ನು ಪ್ರಮಾಣವೆಂದು ಗ್ರಹಿಸುತ್ತವೆ. ಸಾಮಾನ್ಯವಾಗಿ ವ್ಯಕ್ತಿಯ ಇಚ್ಛೆಯೇ ಪ್ರಬಲವಾದರೂ, ಗ್ನೋಮಿನ ಡಿಕಾನ್ಫ್ ವ್ಯವಸ್ಥೆಯಲ್ಲಿ ಮೇಲ್ವಿಚಾರಕನು ಒಂದು ಕಟ್ಟಳೆಗೆ ಬೀಗ ಹಾಕಿದನೆಂದರೆ ಅದನ್ನು ಬಳಕೆದಾರನು ಮೀರಲಾರನು.

ವಿಂಡೋಸಿನಲ್ಲಿ ಹೆಸರುಗಳು ಬೇರೆ, ತತ್ತ್ವ ಒಂದೇ. 1995ರ ವಿಂಡೋಸ್ 95ರೊಡನೆ ವ್ಯಾಪಕವಾದ ರಿಜಿಸ್ಟ್ರಿಯಲ್ಲಿ ‘ಲೋಕಲ್ ಮಷೀನ್’ ಶಾಖೆಯು ಯಂತ್ರಕ್ಕೂ ‘ಕರೆಂಟ್ ಯೂಸರ್’ ಶಾಖೆಯು ವ್ಯಕ್ತಿಗೂ ಮೀಸಲು. ಕಡತಗಳಿಗೆ ಇದೇ ರೀತಿಯಲ್ಲಿ ‘ಪ್ರೋಗ್ರಾಮ್‌ಡೇಟಾ’ ಮತ್ತು ‘ಆಪ್‌ಡೇಟಾ’ ಕೋಶಗಳು. ಮ್ಯಾಕ್ ಯಂತ್ರದಲ್ಲಿ ‘ಲೈಬ್ರರಿ’ ಎಂಬ ಕೋಶವು ಡಿಸ್ಕಿನ ಮೂಲದಲ್ಲೊಂದು, ಬಳಕೆದಾರನ ಸ್ವಂತ ಕೋಶದಲ್ಲೊಂದು ಇರುತ್ತದೆ.

ಕೆಟ್ಟ ತಂತ್ರಾಂಶವನ್ನು ತೆಗೆದು ಪುನಃ ಸ್ಥಾಪಿಸಿದರೂ ದೋಷವು ಹಾಗೆಯೇ ಉಳಿಯುವುದಕ್ಕೆ ಅನೇಕವೇಳೆ ಈ ವಿಭಜನೆಯೇ ಕಾರಣ. ಸ್ಥಾಪನೆಯು ಬದಲಿಸುವುದು ಸಾಧಾರಣ ಕಡತಗಳನ್ನು, ದೋಷವಿರುವುದು ಬಳಕೆದಾರನ ಕೋಶದಲ್ಲಿ. ಆದುದರಿಂದ ಮೊದಲು ಹೊಸದೊಂದು ಖಾತೆಯನ್ನು ತೆರೆದು ಪರೀಕ್ಷಿಸುವುದು ಲೇಸು: ಅಲ್ಲಿ ಎಲ್ಲವೂ ಸರಿಯಾಗಿ ನಡೆದರೆ, ಹಳೆಯ ಖಾತೆಯ ಕಟ್ಟಳೆಯ ಕೋಶಕ್ಕೆ ಬೇರೆ ಹೆಸರಿಟ್ಟರಾಯಿತು, ತಂತ್ರಾಂಶವು ತನಗೆ ಬೇಕಾದುದನ್ನು ಹೊಸದಾಗಿ ತಾನೇ ರಚಿಸಿಕೊಳ್ಳುತ್ತದೆ.