ನಮ್ಮ ತೋಟದ ಕೊಕ್ಕೊ, ಪರದೇಶದ ಕೋಡುಬಳೆ

ಮನೆಯಲ್ಲಿ ಸಣ್ಣದೊಂದು ಸಂತೋಷಕೂಟ ನಡೆಯುವುದೆಂದರೆ ಗೃಹಿಣಿಗೆ ಮೊದಲು ಮೂಡುವ ಯೋಚನೆ ತಿಂಡಿಯ ತಟ್ಟೆಯದು. ಹೋಳಿಗೆ, ಲಾಡು, ಚಕ್ಕುಲಿಗಳು ನಮ್ಮ ಕೈಗೆ ಪಳಗಿದವು. ಅವುಗಳ ವಿಷಯದಲ್ಲಿ ಅಂಜಿಕೆಯಿಲ್ಲ. ಆದರೆ ಪಟ್ಟಣದಲ್ಲಿ ಬೆಳೆಯುವ ಮೊಮ್ಮಕ್ಕಳು ರಜೆಗೆ ಊರಿಗೆ ಬಂದಾಗ ಹೇಳುವ ಹೆಸರುಗಳೇ ಬೇರೆ. ಕಳೆದ ಡಿಸೆಂಬರಿನಲ್ಲಿ ನನ್ನ ಮೊಮ್ಮಗಳು ತನ್ನ ಹುಟ್ಟುಹಬ್ಬಕ್ಕೆ ಎರಡು ದಿನ ಇರುವಾಗ, “ಅಜ್ಜೀ, ಚಾಕಲೇಟಿನಲ್ಲಿ ಅದ್ದಿದ ಪ್ರೆಟ್ಜೆಲ್ ಮಾಡಿಕೊಡ್ತೀಯಾ?” ಎಂದು ಕೇಳಿದಳು. ಪ್ರೆಟ್ಜೆಲಿನ ಪೊಟ್ಟಣವನ್ನು ಬೆಂಗಳೂರಿನಿಂದ ಅವಳೇ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಚಾಕಲೇಟು ಎಲ್ಲಿಂದ ಬರುತ್ತದೆ, ಗೊತ್ತೇ ಎಂದು ಕೇಳಿ, ಕಿಟಕಿಯಾಚೆ ಅಡಿಕೆ ಮರಗಳ ನಡುವೆ ನಿಂತ ಕೊಕ್ಕೊ ಗಿಡವನ್ನು ತೋರಿಸಿದೆ. “ಸುಳ್ಳು ಹೇಳ್ಬೇಡ ಅಜ್ಜೀ” ಎಂದು ನಕ್ಕುಬಿಟ್ಟಳು.

ಕಾಸರಗೋಡಿನ ತೋಟದ ಮನೆಯ ಮಗುವಿಗೆ ಚಾಕಲೇಟು ಹೊಳೆಯುವ ಕಾಗದದೊಳಗೇ ಹುಟ್ಟುವ ವಸ್ತುವಾಯಿತಲ್ಲಾ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ತಿನಿಸನ್ನು ಮಾಡಿಕೊಡುವುದರ ಜೊತೆಗೆ ಈ ನಂಟನ್ನೂ ತಿಳಿಸಿಕೊಡಬೇಕೆಂದು ನಿಶ್ಚಯಿಸಿದೆ.

ಪ್ರೆಟ್ಜೆಲ್ ಎಂದರೇನು?

ಇದು ಜರ್ಮನಿಯ ದಕ್ಷಿಣ ಭಾಗದಲ್ಲೂ ಅದರ ನೆರೆನಾಡುಗಳಲ್ಲೂ ಬಹುಕಾಲದಿಂದ ಬಳಕೆಯಲ್ಲಿರುವ ತಿನಿಸು. ಗೋಧಿಹಿಟ್ಟಿನ ಕಣಕವನ್ನು ಹಗ್ಗದಂತೆ ಹೊಸೆದು, ಎರಡು ತುದಿಗಳನ್ನೂ ಒಂದರ ಮೇಲೊಂದು ಹಾಯಿಸಿ, ಎದೆಯ ಮೇಲೆ ಕೈಕಟ್ಟಿ ನಿಂತವರ ತೋಳುಗಳಂತೆ ಗಂಟು ಹಾಕುತ್ತಾರೆ. ಅದನ್ನು ಕ್ಷಾರದ ನೀರಿನಲ್ಲಿ ಅದ್ದಿ, ಹರಳುಪ್ಪು ಉದುರಿಸಿ, ಕಾದ ಒಲೆಯೊಳಗಿಟ್ಟು ಬೇಯಿಸಿದಾಗ ಹೊರಮೈಗೆ ಕೆಂಗಂದು ಬಣ್ಣವೂ ಹೊಳಪೂ ಬರುತ್ತವೆ. ಮೆತ್ತಗಿನ ಪ್ರೆಟ್ಜೆಲ್ ಅಂದೇ ತಿಂದು ಮುಗಿಸಬೇಕಾದ ರೊಟ್ಟಿ. ಗರಿಗರಿಯಾದ ಒಣ ಬಗೆಯು ಅಮೆರಿಕದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರ ನಡುವೆ ಹೆಸರು ಪಡೆಯಿತು. ಅಲ್ಲಿನ ಲಿಟಿಟ್ಜ್ ಎಂಬ ಊರಿನಲ್ಲಿ ಜೂಲಿಯಸ್ ಸ್ಟರ್ಜಿಸ್ ಎಂಬವರು 1861ರಲ್ಲಿ ಇದಕ್ಕಾಗಿಯೇ ಬೇಕರಿ ತೆರೆದರು. ಚಾಕಲೇಟಿನಲ್ಲಿ ಅದ್ದಲು ಬೇಕಾದುದು ಈ ಒಣ ಬಗೆ.

ನೋಡಿದೊಡನೆ ನನಗೆ ನೆನಪಾದುದು ನಮ್ಮ ಕೋಡುಬಳೆ. ಎರಡೂ ಹೊಸೆದು ಮಡಚಿದ ತಿನಿಸುಗಳೇ. ಆದರೆ ನಮ್ಮದು ಎಣ್ಣೆಯಲ್ಲಿ ಕರಿದುದು, ಅವರದು ಒಣ ಶಾಖದಲ್ಲಿ ಬೆಂದುದು. ಎಣ್ಣೆಯ ಜಿಡ್ಡಿಲ್ಲದ ಒರಟು ಮೈಯಾದುದರಿಂದಲೇ ಪ್ರೆಟ್ಜೆಲಿಗೆ ಚಾಕಲೇಟು ಚೆನ್ನಾಗಿ ಅಂಟುತ್ತದೆ. ಅದರ ಮೇಲಿನ ಉಪ್ಪು ಚಾಕಲೇಟಿನ ಸಿಹಿಯನ್ನೂ ಕಹಿಯನ್ನೂ ಹದಗೊಳಿಸುತ್ತದೆ.

ಗಡಿ ದಾಟುವ ಬೀಜ

ನಮ್ಮ ತೋಟಗಳಿಗೆ ಕೊಕ್ಕೊ ಬಂದುದು ಅಡಿಕೆ, ತೆಂಗುಗಳ ನೆರಳಿನ ಉಪಬೆಳೆಯಾಗಿ. 1970ರ ದಶಕದಲ್ಲಿ ಅದನ್ನು ಉತ್ಸಾಹದಿಂದ ನೆಟ್ಟವರಲ್ಲಿ ನಮ್ಮ ಮನೆಯವರೂ ಒಬ್ಬರು. ದಶಕದ ಕೊನೆಗೆ ಹೊರದೇಶದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. ಅಲ್ಲಿಯವರೆಗೆ ನಮ್ಮಿಂದ ಬೀಜ ಕೊಳ್ಳುತ್ತಿದ್ದವರು ಕೈಬಿಟ್ಟರು. ಒಡೆದ ಕಾಯಿಗಳ ಹಸಿ ಬೀಜ ಬುಟ್ಟಿಯಲ್ಲೇ ಕೊಳೆತಾಗ ಮಾವನವರು ಒಂದು ಮಾತನ್ನೂ ಆಡದೆ ಕತ್ತಿ ಹಿಡಿದು ತೋಟಕ್ಕಿಳಿದರು. ಸಂಜೆಯ ಹೊತ್ತಿಗೆ ಮನೆಯ ಬಳಿಯ ನಾಲ್ಕು ಗಿಡಗಳು ಮಾತ್ರ ಉಳಿದಿದ್ದವು. ಹೀಗೆ ಗಿಡ ಕಡಿದ ಮನೆಗಳು ನಮ್ಮ ಸುತ್ತಿನಲ್ಲಿ ಇನ್ನೂ ಇದ್ದವು.

ಆ ಸಂಕಟದ ಕಾಲದಲ್ಲಿ ಬೆಳೆಗಾರರ ನೆರವಿಗೆ ಬಂದುದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಈ ಸಹಕಾರಿ ಸಂಸ್ಥೆಯು ಕೊಕ್ಕೊ ಬೀಜದ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. 1956ರ ರಾಜ್ಯ ಪುನರ್ವಿಂಗಡಣೆ ಒಂದೇ ಬಗೆಯ ತೋಟಗಳ ನಡುವೆ ಗೆರೆ ಎಳೆಯಿತಾದರೂ, ಈ ಸಂಸ್ಥೆಯ ಸದಸ್ಯರು ಗೆರೆಯ ಎರಡು ಕಡೆಯವರೂ ಹೌದು. ನಮ್ಮ ಬೀಜ ಗಡಿ ದಾಟಿ ಹೋಗಿ ಚಾಕಲೇಟಾಗಿ ಅಂಗಡಿಗೆ ಮರಳುವುದು ಈ ಕಾರಣದಿಂದಲೇ.

ಬೇಕಾಗುವ ಸಾಮಗ್ರಿಗಳು

ಗಂಟಿನ ಆಕಾರದ ಸಣ್ಣ ಒಣ ಪ್ರೆಟ್ಜೆಲ್ 40ರಿಂದ 50, ಕಪ್ಪು ಚಾಕಲೇಟು 250 ಗ್ರಾಂ, ಹುರಿದು ತರಿತರಿಯಾಗಿ ಕುಟ್ಟಿದ ಗೋಡಂಬಿ ಅಥವಾ ಕೆಂಪಗೆ ಹುರಿದ ಒಣ ಕೊಬ್ಬರಿತುರಿ ಅರ್ಧ ಕಪ್ಪು. ಇವಲ್ಲದೆ ಒಂದು ಪಾತ್ರೆ, ಅದರ ಬಾಯಿಯ ಮೇಲೆ ಕೂರುವ ಬೋಗುಣಿ, ಒಂದು ಮುಳ್ಳುಚಮಚ, ತಟ್ಟೆಗೆ ಹಾಸಲು ಬೆಣ್ಣೆಕಾಗದ.

ಚಾಕಲೇಟನ್ನು ಕೊಳ್ಳುವಾಗ ಹೊದಿಕೆಯ ಮೇಲಿನ ಬರಹವನ್ನು ಓದಿರಿ. ಕೊಕ್ಕೊ ಬೆಣ್ಣೆ ಇರುವುದು ನಿಜವಾದ ಚಾಕಲೇಟು. ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬನ್ನು ಹಾಕಿದುದಕ್ಕೆ ಕಾಂಪೌಂಡ್ ಎಂದು ಹೆಸರು. ಅದನ್ನು ಕರಗಿಸಿ ಅದ್ದಿದರೆ ಸಾಕು, ತಾನಾಗಿ ಗಟ್ಟಿಯಾಗುತ್ತದೆ. ಮೊದಲ ಸಲ ಮಾಡುವವರಿಗೆ ಸುಲಭ. ಆದರೆ ನಾಲಗೆಯ ಮೇಲೆ ಕರಗುವ ಸೊಗಸು ನಿಜವಾದ ಚಾಕಲೇಟಿನದೇ.

ಮಾಡುವ ಕ್ರಮ

ಚಾಕಲೇಟನ್ನು ಸಣ್ಣಗೆ ಹೆಚ್ಚಿ, ಮೂರು ಪಾಲಿನಲ್ಲಿ ಒಂದನ್ನು ಬೇರೆ ತೆಗೆದಿಡಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ ಒಲೆಯಿಂದ ಕೆಳಗಿಳಿಸಿ. ಬೋಗುಣಿಯ ತಳ ನೀರಿಗೆ ತಾಗದಂತೆ ಮೇಲಿಟ್ಟು, ಎರಡು ಪಾಲು ಚಾಕಲೇಟನ್ನು ಅದರಲ್ಲಿ ಕೈಯಾಡಿಸುತ್ತಾ ಕರಗಿಸಿ. ಉಷ್ಣಮಾಪಕವಿದ್ದರೆ 45ರಿಂದ 48 ಡಿಗ್ರಿ ಸೆಲ್ಸಿಯಸ್ ಸಾಕು. ಬೋಗುಣಿಯನ್ನು ತೆಗೆದು ತಳವನ್ನು ಒರಸಿ, ಉಳಿದ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ 28 ಡಿಗ್ರಿಗೆ ಇಳಿಯುವವರೆಗೆ ಕಲಕಿ. ಬಳಿಕ ಮತ್ತೆ ಒಂದು ಕ್ಷಣ ಬಿಸಿನೀರಿನ ಮೇಲಿಟ್ಟು 31 ಅಥವಾ 32 ಡಿಗ್ರಿಗೆ ತನ್ನಿ. ಉಷ್ಣಮಾಪಕವಿಲ್ಲದವರು ಒಂದು ಹನಿಯನ್ನು ಕೆಳತುಟಿಗೆ ತಾಗಿಸಿ ನೋಡಬಹುದು. ಬಿಸಿಯೆನಿಸದೆ ತುಸು ತಂಪೆನಿಸಿದರೆ ಹದ ಬಂದಂತೆ.

ಇಷ್ಟೊಂದು ಉಪಚಾರವೇಕೆ ಎಂದು ಕೇಳಬಹುದು. ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ಒಂದು ಬಗೆ ಮಾತ್ರ ಹೊಳಪನ್ನೂ, ಮುರಿದಾಗ ಟಪ್ಪೆನ್ನುವ ಗಟ್ಟಿತನವನ್ನೂ ಕೊಡುತ್ತದೆ. ಕರಗದ ಚಾಕಲೇಟಿನಲ್ಲಿ ಆ ಹರಳುಗಳು ಮೊದಲೇ ಇರುವುದರಿಂದ, ಹಾಲಿಗೆ ಹೆಪ್ಪು ಹಾಕಿದಂತೆ, ಕೊನೆಯ ಪಾಲು ಉಳಿದುದನ್ನು ದಾರಿಗೆ ತರುತ್ತದೆ. ಈ ಕೆಲಸವನ್ನು ತಪ್ಪಿಸಿದರೆ ಮರುದಿನ ಚಾಕಲೇಟಿನ ಮೈಮೇಲೆ ಬೂದಿ ಬಳಿದಂತಹ ಬಿಳುಪು ಕಾಣುತ್ತದೆ. ಅದು ಬೂಷ್ಟಲ್ಲ, ತಿನ್ನಲು ಅಡ್ಡಿಯಿಲ್ಲ. ಆದರೆ ತಟ್ಟೆಗೆ ಶೋಭೆಯಲ್ಲ.

ಹದ ಬಂದ ಮೇಲೆಯೇ ಪ್ರೆಟ್ಜೆಲಿನ ಪೊಟ್ಟಣ ಬಿಚ್ಚಿರಿ. ನಮ್ಮ ಕರಾವಳಿಯ ತೇವದ ಗಾಳಿಗೆ ಅದು ಬೇಗನೆ ಮೆತ್ತಗಾಗುತ್ತದೆ. ಒಂದೊಂದನ್ನೇ ಅರ್ಧದವರೆಗೆ ಅದ್ದಿ, ಮುಳ್ಳುಚಮಚದಿಂದ ಎತ್ತಿ, ಬೋಗುಣಿಯ ಅಂಚಿಗೆ ಮೆಲ್ಲನೆ ತಟ್ಟಿ ಹೆಚ್ಚಿನದನ್ನು ಸೋರಿಸಿ, ಕಾಗದದ ಮೇಲಿಡಿ. ಹಸಿಯಾಗಿರುವಾಗಲೇ ಗೋಡಂಬಿಯನ್ನೋ ಕೊಬ್ಬರಿಯನ್ನೋ ಉದುರಿಸಿ.

ಎಚ್ಚರಿಕೆಯ ಮಾತು

ಚಾಕಲೇಟಿನ ಮೊದಲ ಶತ್ರು ನೀರು. ನನ್ನ ಮೊದಲ ಪ್ರಯತ್ನ ಕೆಟ್ಟುದೇ ಹೀಗೆ. ಅಭ್ಯಾಸಬಲದಿಂದ ಬೋಗುಣಿಗೆ ಮುಚ್ಚಳ ಮುಚ್ಚಿದೆ. ಮುಚ್ಚಳಕ್ಕೆ ಕಟ್ಟಿದ ಆವಿಯ ನಾಲ್ಕು ಹನಿಗಳು ಬಿದ್ದೊಡನೆ, ನುಣ್ಣಗಿದ್ದ ಚಾಕಲೇಟು ಗಂಟುಗಂಟಾಗಿ ಬಿಗಿಯಿತು. ತೇವ ತಾಗಿದ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಹಾಗಾದುದನ್ನು ಎಸೆಯಬೇಕಿಲ್ಲ, ಬಿಸಿ ಹಾಲಿನಲ್ಲಿ ಕದಡಿ ಮಕ್ಕಳಿಗೆ ಕುಡಿಯಲು ಕೊಡಬಹುದು.

ಎರಡನೆಯ ಶತ್ರು ಸೆಕೆ. ಬೇಸಗೆಯ ಮಧ್ಯಾಹ್ನ ಈ ಕೆಲಸಕ್ಕೆ ಕೈಹಾಕಬೇಡಿ. ಮುಂಜಾನೆಯ ತಂಪು ಹೊತ್ತು ಒಳ್ಳೆಯದು. ಗಟ್ಟಿಯಾಗದಿದ್ದರೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಬಹುದು. ಹೆಚ್ಚು ಹೊತ್ತು ಇಟ್ಟರೆ ಹೊರತೆಗೆದಾಗ ಮೈ ಬೆವರಿ ಹೊಳಪು ಕೆಡುತ್ತದೆ. ತೆಳ್ಳಗಾಗಲೆಂದು ತೆಂಗಿನೆಣ್ಣೆ ಬೆರೆಸುವವರಿದ್ದಾರೆ. ಅದರಿಂದ ಅದ್ದುವುದು ಸುಲಭವಾದರೂ ಚಾಕಲೇಟು ಬಹಳ ಮೆದುವಾಗಿ ಬೆರಳಿಗೆ ಅಂಟುತ್ತದೆ.

ಪ್ರೆಟ್ಜೆಲ್ ದೊರೆಯದ ಊರಿನವರು ಕೋಡುಬಳೆಯನ್ನೇ ಅದ್ದಬಹುದು. ಇಂಗು, ಮೆಣಸು, ಜೀರಿಗೆ ಹಾಕದೆ ಬೆಣ್ಣೆ, ಉಪ್ಪು ಮಾತ್ರ ಹಾಕಿ ಕರಿದು, ಕಾಗದದ ಮೇಲೆ ಹರಡಿ ಎಣ್ಣೆಯನ್ನೆಲ್ಲ ಹೀರಿಸಿ, ಪೂರ್ತಿ ಆರಿದ ಮೇಲೆ ಅದ್ದಿರಿ. ಮನೆಯಲ್ಲಿ ನಾಯಿಯಿದ್ದರೆ ಅದಕ್ಕೆ ಒಂದು ಚೂರೂ ಹಾಕಬೇಡಿ. ಚಾಕಲೇಟು ನಾಯಿಗೆ ವಿಷ.

ಹುಟ್ಟುಹಬ್ಬದ ದಿನ

ಅಂದು ಅತಿಥಿಗಳು ಬರುವ ಮೊದಲು, ಉಳಿದ ನಾಲ್ಕು ಗಿಡಗಳಲ್ಲೊಂದರಿಂದ ಹಣ್ಣಾದ ಹಳದಿ ಕಾಯಿಯನ್ನು ಮೊಮ್ಮಗಳಿಂದಲೇ ಕೊಯ್ಯಿಸಿದೆ. ಕಾಯಿ ಕೊಂಬೆಯ ತುದಿಯಲ್ಲಿರದೆ ಕಾಂಡಕ್ಕೇ ಅಂಟಿಕೊಂಡಿರುವುದನ್ನು ಕಂಡು ಅವಳಿಗೆ ಬೆರಗಾಯಿತು. ಕಲ್ಲಿಗೆ ಕುಟ್ಟಿ ಒಡೆದು, ಬೀಜದ ಸುತ್ತಣ ಬಿಳಿಯ ತಿರುಳನ್ನು ಚೀಪಿದಳು. ಸಿಹಿಯೆಂದು ಇನ್ನೊಂದನ್ನೂ ಬಾಯಿಗಿಟ್ಟಳು. ಬೀಜವನ್ನು ಕಚ್ಚಿದೊಡನೆ ಕಹಿಗೆ ಮುಖ ಕಿವಿಚಿ, “ಇದು ಚಾಕಲೇಟಲ್ಲವೇ ಅಲ್ಲ” ಎಂದಳು.

ಹಸಿ ಬೀಜಕ್ಕೆ ಆ ಗುಣವಿಲ್ಲ, ನಿಜ. ರಾಶಿ ಹಾಕಿದ ಬೀಜ ಸುಮಾರು ಆರು ದಿನ ತನ್ನ ಶಾಖದಲ್ಲೇ ಹುಳಿತು, ಬಿಸಿಲಿಗೆ ಒಣಗಿದ ಮೇಲೆಯೇ ಚಾಕಲೇಟಿಗೆ ಯೋಗ್ಯವಾಗುತ್ತದೆ. ನೆರೆಮನೆಯಿಂದ ಅಂತಹ ಬೀಜ ಒಂದು ಹಿಡಿ ತಂದು, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ. ಸಿಪ್ಪೆ ಚಟಚಟನೆ ಸಿಡಿಯತೊಡಗಿದಂತೆ ಅಡುಗೆಮನೆಯಿಂದ ಜಗಲಿಯವರೆಗೆ ಪರಿಮಳ ಹರಡಿತು. ಜಗಲಿಯಲ್ಲಿ ಬಲೂನು ಕಟ್ಟುತ್ತಿದ್ದ ಮೊಮ್ಮಗಳು ಒಳಗೆ ಓಡಿಬಂದು, “ಅಜ್ಜೀ, ಪ್ರೆಟ್ಜೆಲ್ ಅದ್ದಲಿಕ್ಕೆ ಶುರು ಮಾಡಿದ್ಯಾ?” ಎಂದು ಕೇಳಿದಳು. ನಾನು ಮಾತಾಡದೆ ಬಾಣಲೆಯನ್ನು ತೋರಿಸಿದೆ.

ಸಂಜೆ ತಟ್ಟೆ ಹಿಡಿದು ಅತಿಥಿಗಳ ನಡುವೆ ಓಡಾಡಿದವಳು ಅವಳೇ. ಪ್ರತಿಯೊಬ್ಬರಿಗೂ ಪ್ರೆಟ್ಜೆಲ್ ಕೊಟ್ಟು, ಕಿಟಕಿಯಾಚೆ ಬೆರಳು ತೋರಿಸಿ, ಅವರು ನಂಬುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ.